ನಾಲ್ಕನೆಯವನಿಗೆ ಚಪ್ಪಾಳೆ

ಈ ಕತೆಯ ಬಾಲ ನನಗೆ ಗೊತ್ತು, ತಲೆ ಎಲ್ಲಿದೆಯೆಂದು ತಿಳಿಯುತ್ತಿಲ್ಲ. ಮೊದಲ ಡ್ರಾಫ್ಟ್ ಕುಣಿಗಲ್ ಕೆರೆ ಏರಿಯ ಮೇಲೆ, ಸೂರ್ಯೋದಯದಲ್ಲಿ ಶುರುವಾಗಿತ್ತು. ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ಯಾರೂ ಪೋಕರ್ ಆಡುತ್ತಿರಲಿಲ್ಲ, ಹರಿದುಹಾಕಿದೆ. ಎರಡನೆಯದರಲ್ಲಿ ನೇತ್ರಾವತಿ ಮೊದಲ ಸಾಲಿನಲ್ಲೇ ಅಳುತ್ತಿದ್ದಳು. ಅವಳೇ ತಡೆದಳು.

"ನಾನು ಅವತ್ತು ಅತ್ತಿಲ್ಲ ಸಾರ್. ನೀವ್ಯಾಕೆ ಅಳಿಸ್ತೀರ?"

ಸರಿ. ಅಳದ ನೇತ್ರಾವತಿಯಿಂದಲೇ ಹೊರಡೋಣ.

೧.

ಅವಳು ಗುಬ್ಬಿಯ ಖಾಸಗಿ ಶಾಲೆಯೊಂದರಲ್ಲಿ ಗಣಿತದ ಮೇಡಂ. ಗಂಡ ರವಿಕಿರಣ್ ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಅವಳಿಗೆ ಪೋಕರ್ ಕಲಿಸಿದವನು ಅವನೇ. ಮದುವೆಯಾದ ಹೊಸತರಲ್ಲಿ, ಚಾಪೆಯ ಮೇಲೆ, ಕಡಲೆಬೀಜವನ್ನೇ ಪಣಕ್ಕಿಡುವ ಚಿಪ್ಸ್ ಮಾಡಿಕೊಂಡು ಆಡುತ್ತಿದ್ದರು. (ಸೋಲುವ ಸೂಚನೆ ಕಂಡರೆ ಅವನು ಚಿಪ್ಸ್ ತಿಂದುಬಿಡುತ್ತಿದ್ದ.) ಆಟ ಕಲಿಯುವ ಮೊದಲೇ ಅವಳು ಗಂಡನನ್ನು ಕಲಿತಳು: ಸುಳ್ಳು ಹೇಳುವಾಗ ಅವನ ದನಿ ಮೆತ್ತಗಾಗುತ್ತದೆ. ಇದನ್ನು ಅವಳು ಅವನಿಗೆ ಯಾವತ್ತೂ ಹೇಳಲಿಲ್ಲ.

ಆ ಭಾನುವಾರ ಬಟವಾಡಿಯಲ್ಲಿ, ಅಂಗಡಿಗಳ ಮೇಲಿನ ಹಾಲ್‌ನಲ್ಲಿ ಟೂರ್ನಮೆಂಟ್. ಕೊನೆಗೆ ಉಳಿಯುವ ಮೂವರಿಗೆ ಗೋವಾದ ದೊಡ್ಡ ಟೂರ್ನಮೆಂಟಿಗೆ ಸೀಟು, ಹೋಗಿಬರುವ ಖರ್ಚೂ ಸೇರಿ. ಆಮೇಲೆ ಆ ಮೂವರಲ್ಲೇ ಮೊದಲ ಸ್ಥಾನದ ಕಪ್ಪಿಗೆ ಆಟ ಮುಂದುವರಿಯುತ್ತದೆ. ನಾಲ್ಕನೆಯವನಿಗೆ ಚಪ್ಪಾಳೆ.

ಗಂಡ ಹೆಂಡತಿ ಅದುವರೆಗೆ ನೆಂಟರ ಮದುವೆ ಬಿಟ್ಟು ಬೇರೆಲ್ಲೂ ಒಟ್ಟಿಗೆ ಹೋದವರಲ್ಲ. "ಈ ಸಲ ಇಬ್ರೂ ಹೋಗ್ಲೇಬೇಕು ಕಣೇ" ಎಂದು ರವಿಕಿರಣ್ ಇತ್ತೀಚೆಗೆ ಹಟ ಹಿಡಿದಿದ್ದ.

೨.

"ಶುರೂಲಿ ಸುಮ್ನೆ ಕೂತ್ಕೋ" ಎಂದು ರವಿಕಿರಣ್ ಕಲಿಸಿದ್ದ. ಎಲ್ಲರ ಮುಂದೂ ಚಿಪ್ಸ್ ರಾಶಿ ಇರುತ್ತದೆ, ಅವಸರವಿಲ್ಲ. ಕೆಟ್ಟ ಕಾರ್ಡ್ ಬಂದರೆ ಫೋಲ್ಡ್ ಮಾಡು, ಎಸೆದುಬಿಡು. ಅವಳು ಬೆಳಗ್ಗೆಯೆಲ್ಲ ಎಸೆಯುತ್ತಲೇ ಕೂತಳು. ಎದುರಿನ ದಸ್ತಗೀರ್ ಸಾಬ್, ಕುಣಿಗಲ್‌ನ ಹಾರ್ಡ್‌ವೇರ್ ಅಂಗಡಿಯವರು, "ಮೇಡಂನೋರು ಹಾಜರಿ ಹಾಕಕ್ ಬಂದವ್ರೆ" ಎಂದು ನಕ್ಕರು.

ಮಧ್ಯದ ಘಟ್ಟದಲ್ಲಿ ಆಟ ಬೇರೆ. ಪ್ರತಿ ಸುತ್ತಿಗೂ ಕಡ್ಡಾಯವಾಗಿ ಕಟ್ಟುವ ಬ್ಲೈಂಡ್ ಏರುತ್ತಾ ಹೋಗುತ್ತದೆ. ಸುಮ್ಮನೆ ಕೂತವನನ್ನು ಅದೇ ತಿಂದುಹಾಕುತ್ತದೆ. ಆಗ ಕಾರ್ಡ್ ಇಲ್ಲದಿದ್ದರೂ ಇದೆಯೆಂಬಂತೆ ನುಗ್ಗಬೇಕು. ಬೆಳಗ್ಗೆಯಿಂದ ಸುಮ್ಮನಿದ್ದವಳು ನುಗ್ಗಿದರೆ ಯಾರು ತಾನೇ ನಂಬುವುದಿಲ್ಲ? ದಸ್ತಗೀರ್ ಸಾಬರ ನಗು ನಿಂತಿತು.

೩.

(ಇಲ್ಲಿ ಪೋಕರ್ ಬದುಕಿನ ಹಾಗೆ ಎಂದು ಒಂದು ಪ್ಯಾರಾ ಬರೆದಿದ್ದೆ. ಓದಿದರೆ ನನಗೇ ನಾಚಿಕೆಯಾಯಿತು. ನಿಮಗೆ ಆ ಕಷ್ಟ ಬೇಡ.)

೪.

ಮಧ್ಯಾಹ್ನ ಇಳಿಯುವಷ್ಟರಲ್ಲಿ ಉಳಿದವರು ನಾಲ್ವರು: ಗಂಡ, ಹೆಂಡತಿ, ದಸ್ತಗೀರ್ ಸಾಬ್, ಮತ್ತೊಬ್ಬ ಅಪರಿಚಿತ. ಇನ್ನು ಒಬ್ಬರು ಹೊರಬಿದ್ದರೆ ಉಳಿದ ಮೂವರಿಗೆ ಗೋವಾ. ಈ ಘಟ್ಟಕ್ಕೆ ರವಿಕಿರಣ್ ಕಲಿಸಿದ್ದು ಇಷ್ಟೇ: "ನೀನು ನುಗ್ಬೇಡ. ಬೇರೆಯವ್ರು ಸಾಯ್ಲಿ, ನೀನು ಕಾಯಿ."

ರವಿಕಿರಣ್ ತನ್ನ ಚಿಪ್ಸ್ ಅಷ್ಟನ್ನೂ ಮುಂದೆ ತಳ್ಳಿದ. ಆಲ್ ಇನ್. ದಸ್ತಗೀರ್ ಸಾಬ್ ಎಸೆದರು, ಇನ್ನೊಬ್ಬನೂ ಎಸೆದ. ಉಳಿದವಳು ನೇತ್ರಾವತಿ. ಕೈಯಲ್ಲಿ ಎಂಟರ ಜೋಡಿ. ಅವನು ಕಲಿಸಿದ ಪ್ರಕಾರ ಎಸೆಯಬೇಕು. ಎಸೆಯುತ್ತಾಳೆಂದೇ ಅವನು ತಳ್ಳಿದ್ದ. ಅವಳ ಬೆರಳು ಕಾರ್ಡಿನ ಮೇಲಿತ್ತು ಕೂಡ.

"ಬಿಟ್ಬಿಡು ನೇತ್ರಾ" ಎಂದ ರವಿಕಿರಣ್ ಮೆತ್ತಗೆ. "ನನ್ ಹತ್ರ ಒಳ್ಳೇದಿದೆ."

"ಗಂಡ ಹೆಂಡ್ತಿ ಮಾತು ಮನೇಲ್ ಆಡ್ಕಳಿ" ಎಂದರು ದಸ್ತಗೀರ್ ಸಾಬ್.

ಅವಳಿಗೆ ಅದು ಕೇಳಿಸಲಿಲ್ಲ. ಆ ಮೆತ್ತನೆಯ ದನಿ ಹಿಂದಿನ ತಿಂಗಳಿನದು. ಹೊಟ್ಟೆನೋವೆಂದು ಒಬ್ಬನೇ ಆಸ್ಪತ್ರೆಗೆ ಹೋಗಿಬಂದವನು ಚಪ್ಪಲಿ ಬಿಡುತ್ತಾ ಇದೇ ದನಿಯಲ್ಲಿ, "ಏನಿಲ್ಲ ಕಣೇ, ಗ್ಯಾಸ್ಟ್ರಿಕ್ ಅಂದ್ರು" ಎಂದಿದ್ದ. ಅಲ್ಲಿಂದೀಚೆಗೆ ಅವನ ಬೆಲ್ಟಿಗೆ ಹೊಸ ತೂತು ಬಿದ್ದಿತ್ತು. ಅವಳು ನಂಬಿದ್ದಳು. ನಂಬಲು ಇಷ್ಟವಿತ್ತು, ನಂಬಿದ್ದಳು.

"ಕಾಲ್" ಎಂದು ಅವನ ಪಣಕ್ಕೆ ಸಮನಾಗಿ ತನ್ನ ಚಿಪ್ಸ್ ತಳ್ಳಿದಳು.

ಅವನ ಕಾರ್ಡ್ ಮಗುಚಿದರು. ಏಳು, ನಾಲ್ಕು. ಏನೂ ಇಲ್ಲ. ಎಲ್ಲರಿಗೂ ಸೇರಿದಂತೆ ಮೇಜಿನ ಮಧ್ಯದಲ್ಲಿ ಬಿದ್ದ ಐದು ಕಾರ್ಡುಗಳೂ ಅವನ ಕೈಹಿಡಿಯಲಿಲ್ಲ.

ಹಾಲ್ ಚಪ್ಪಾಳೆ ತಟ್ಟಿತು. ಅವನು ಎಲ್ಲರ ಕೈಕುಲುಕಿದ, ಹೆಂಡತಿಯದೂ. "ಚೆನ್ನಾಗಾಡ್ದೆ" ಎಂದು ಮೆಟ್ಟಿಲಿಳಿದು ಹೋದ. ನೇತ್ರಾವತಿ ಎದ್ದಳು.

"ಮೇಡಂ, ಕಪ್ ಬಾಕಿ ಇದೆ, ಗೇಮ್ ನಿಲ್ಸಲ್ಲ" ಎಂದಳು ಕಾರ್ಡ್ ಹಂಚುವ ಅಸ್ಫಿಯಾ. "ನೀವಿಲ್ದೆ ಇದ್ರೂ ನಿಮ್ಮ ಬ್ಲೈಂಡ್ ಕಟ್ ಆಗ್ತಿರತ್ತೆ."

"ಆಗ್ಲಿ."

೫.

ಕೆಳಗೆ ಕಬ್ಬಿನಹಾಲಿನ ಗಾಡಿಯ ಪಕ್ಕ ಅವನು ಬೈಕಿಗೆ ಒರಗಿ ನಿಂತಿದ್ದ.

"ರೀ, ಡಾಕ್ಟ್ರು ಏನಂದ್ರು?"

"ಯಾವ್ ಡಾಕ್ಟ್ರು?"

ಅವಳು ಅವನ ಬೆಲ್ಟಿನ ಹೊಸ ತೂತಿನ ಮೇಲೆ ಬೆರಳಿಟ್ಟಳು. ಕಬ್ಬಿನ ಮಷೀನು ನಿಲ್ಲುವವರೆಗೆ ಅವನು ಕಾದ.

"ಪ್ಯಾಂಕ್ರಿಯಾಸ್ ಕ್ಯಾನ್ಸರಂತೆ. ಹರಡ್ಬಿಟ್ಟಿದೆಯಂತೆ."

"ಯಾವಾಗ ಹೇಳೋಣ ಅಂತಿದ್ರಿ?"

"ಗೋವಾ ಮುಗಿಸ್ಕೊಂಡ್ ಬಂದು."

"ನಾನು ಮೇಲೆ ಬಿಟ್ಕೊಟ್ಟಿದ್ರೆ?"

"ಅಷ್ಟು ದಿನ ನೀನಾದ್ರೂ ನಗ್ತಾ ಇರ್ತಿದ್ದೆ."

ಅವಳು ಅವನ ಎದೆಗೆ ಗುದ್ದಿದಳು. ಗುದ್ದಿದ ಕೈಯಲ್ಲೇ ಅಂಗಿ ಹಿಡಿದುಕೊಂಡಳು, ಬಿಡಲಿಲ್ಲ.

೬.

ಇನ್ನು ಮುಗಿಸಬೇಕಂತೆ. ನನ್ನ ಹತ್ತಿರ ಮೂರು ಮುಕ್ತಾಯಗಳಿವೆ, ಆರಿಸಿಕೊಳ್ಳಿ.

ಒಂದು: ಬೆಂಗಳೂರಿನ ದೊಡ್ಡ ಡಾಕ್ಟರು ನೋಡಿ, ಹಳೆಯ ಪರೀಕ್ಷೆಯೇ ತಪ್ಪು ಅನ್ನುತ್ತಾರೆ. ನೇತ್ರಾವತಿ ಇದನ್ನು ಅರ್ಧಕ್ಕೇ ಕೆಳಗಿಟ್ಟಳು. "ಉತ್ತರ ಗೊತ್ತಿಲ್ದಾಗ ನಮ್ ಸ್ಕೂಲ್ ಮಕ್ಳೂ ಹಿಂಗೇ ಬರೀತಾರೆ."

ಎರಡು: ಅವಳು ಮೇಲೆ ಹೋಗಿ ಕಪ್ಪನ್ನೂ ಗೆಲ್ಲುತ್ತಾಳೆ. ಗೋವಾ, ಸಮುದ್ರ, ಅವಳ ತೊಡೆಯ ಮೇಲೆ ಅವನ ತಲೆ. ಇದುವರೆಗೆ ನನ್ನ ಜೊತೆ ಮಾತೇ ಆಡದಿದ್ದ ರವಿಕಿರಣ್ ಈಗ ಬಾಯಿಬಿಟ್ಟ. "ಅಷ್ಟು ದೂರ ಕೂತ್ಕೊಂಡು ಹೋಗಕ್ಕೆ ಈಗ ಆಗಲ್ಲ ಸಾರ್."

ಮೂರು: ಅವಳು ಎಂಟರ ಜೋಡಿಯನ್ನು ಎಸೆಯುತ್ತಾಳೆ. ಅವಳಿಗೆ ಏನೂ ಗೊತ್ತಾಗುವುದಿಲ್ಲ. ಇಬ್ಬರೂ ಸೀಟು ಗೆದ್ದು ಬೈಕಿನಲ್ಲಿ ಗುಬ್ಬಿಗೆ ಹೊರಡುತ್ತಾರೆ. ದಾರಿಯುದ್ದಕ್ಕೂ ಅವಳು ಗೋವಾಕ್ಕೆ ಯಾವ ಸೀರೆ ಎಂದು ಮಾತಾಡುತ್ತಲೇ ಇರುತ್ತಾಳೆ.

ಇದನ್ನು ಅವಳು ಎರಡೆರಡು ಸಲ ಓದಿದಳು. ಬೇಕು ಅನ್ನಲಿಲ್ಲ, ಬೇಡವೂ ಅನ್ನಲಿಲ್ಲ. ಹಾಗಾಗಿ ನಾನು ಯಾವುದನ್ನೂ ಹೊಡೆದುಹಾಕಿಲ್ಲ.

ಮೇಲಿನ ಹಾಲ್‌ನಲ್ಲಿ ಅಸ್ಫಿಯಾ ಖಾಲಿ ಕುರ್ಚಿಯ ಮುಂದೆ ಎರಡು ಕಾರ್ಡ್ ಇಟ್ಟಳು. ಯಾರೂ ಮುಟ್ಟಲಿಲ್ಲ, ವಾಪಸ್ ತೆಗೆದಳು. ನೇತ್ರಾವತಿಯ ರಾಶಿಯಿಂದ ಬ್ಲೈಂಡ್ ಎಳೆಯಲು ಕೈಚಾಚಿದಳು.

"ಸ್ವಲ್ಪ ತಡೀಯಮ್ಮ" ಎಂದರು ದಸ್ತಗೀರ್ ಸಾಬ್. "ಬರ್ತಾರೇನೋ."

"ತಡೀಯಕ್ಕಾಗಲ್ಲ ಚಾಚಾ" ಎಂದು ಅಸ್ಫಿಯಾ ಮತ್ತೆ ಕಾರ್ಡ್ ಕಲೆಸತೊಡಗಿದಳು.