ನಡುವಣ ಕಡಲಿನ ಶಂಖ

ಇಳಿತದ ಹೊತ್ತಿನ ಕಡಲನ್ನು ನೀವು ಎಂದಾದರೂ ಸುಮ್ಮನೆ ಕುಳಿತು ನೋಡಿದ್ದೀರಾ? ಉಬ್ಬರದ ಕಡಲಿಗೆ ಗರ್ಜನೆಯಿದೆ, ಆವೇಶವಿದೆ, ದಾರಿಹೋಕರನ್ನೂ ನಿಲ್ಲಿಸಿ ನೋಡಿಸಿಕೊಳ್ಳುವ ಬೆಳ್ನೊರೆಯ ವೈಭವವಿದೆ. ಇಳಿತದ ಕಡಲಾದರೋ, ಮಗು ನಿದ್ದೆಹೋದ ಮೇಲೆ ತೊಟ್ಟಿಲ ಬಳಿಯಿಂದ ಸದ್ದಿಲ್ಲದೆ ಸರಿಯುವ ತಾಯಿಯಂತೆ ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ, ಇಷ್ಟು ಹೊತ್ತು ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದ ಬಂಡೆಗಳನ್ನೂ ಪಾಚಿಯನ್ನೂ ಮರಳಿನ ಮೇಲಣ ನವುರಾದ ಗೆರೆಗಳನ್ನೂ ಬಯಲಿಗೆ ಬಿಟ್ಟು ಹೋಗುತ್ತದೆ... ಆಗ ಇಳಿಹಗಲಿನ ಬೆಳಕು ಆ ಗೆರೆಗಳಲ್ಲಿ ತುಂಬಿಕೊಂಡು, ಇಡೀ ದಡವೇ ಆಗತಾನೆ ಉಜ್ಜಿ ತೊಳೆದಿಟ್ಟ ಕಂಚಿನ ಹರಿವಾಣದಂತೆ ಮಿನುಗುತ್ತದೆ! ಮುಚ್ಚಿಟ್ಟದ್ದು ತೆರೆದುಕೊಳ್ಳುವ ಆ ಗಳಿಗೆಗೆ ಮನುಷ್ಯರ ಮನಸ್ಸಿನಲ್ಲೂ ಒಂದು ಜೋಡಿಯಿದೆ. ಅದು ಅಷ್ಟು ಸುಂದರವಾಗಿರುವುದಿಲ್ಲ, ಅಷ್ಟೆ.

ಅಂಥ ಒಂದು ದಡದ ಮೇಲೆ, ಉಪ್ಪುಗಾಳಿಗೆ ಬಣ್ಣ ಬಿಟ್ಟ ಹಳೆಯ ವಸ್ತುಸಂಗ್ರಹಾಲಯವಿತ್ತು. ಅದರ ಮಹಡಿಯ ಉದ್ದನೆಯ ಕೋಣೆಯಲ್ಲಿ ನೆಲದಿಂದ ಸೂರಿನವರೆಗೂ ಬೀರುಗಳು. ಬೀರುಗಳ ತುಂಬ ಅಂಗೈಯಷ್ಟೇ ಆಳದ ಸೆಳೆಖಾನೆಗಳು. ಪ್ರತಿ ಸೆಳೆಖಾನೆಯಲ್ಲೂ ಹತ್ತಿಯ ಹಾಸಿಗೆಯ ಮೇಲೆ ಮಲಗಿದ ಶಂಖ, ಕವಡೆ, ಕಪ್ಪೆಚಿಪ್ಪುಗಳು. ಒಂದೊಂದರ ಪಕ್ಕದಲ್ಲೂ ಒಂದೊಂದು ಚೀಟಿ: ಇದು ಯಾವ ಕುಲದ್ದು, ಯಾವ ಕಡಲಿನದು, ಎಷ್ಟು ಆಳದಲ್ಲಿ ಸಿಕ್ಕಿದ್ದು.

ಕೋಣೆಯ ಬಾಗಿಲ ಬಳಿಯ ಮೇಜು ಆಕೆಯದು. ಶಂಖಗಳನ್ನು ವಿಂಗಡಿಸಿ, ಹೆಸರು ಹಚ್ಚಿ, ಅವು ಎಲ್ಲೆಲ್ಲಿ ಹರಡಿವೆ ಎಂದು ನಕ್ಷೆಯ ಮೇಲೆ ಗುರುತಿಡುವುದು ಆಕೆಯ ಕೆಲಸ. ಕಿಟಕಿಯ ಬಳಿಯ ಮೇಜು ಆಕೆಯ ಗಂಡನದು. ಅವನು ಚಿತ್ರಕಾರ. ಆಕೆಯ ಪ್ರಬಂಧಗಳಿಗೆ ಶಂಖಗಳ ಚಿತ್ರ ಬರೆಯಲೆಂದು ಒಂದು ಮಳೆಗಾಲದಲ್ಲಿ ಬಂದವನು, ಮಳೆ ನಿಂತರೂ ಹೋಗದೆ, ಆಕೆಯ ಬಾಳಿಗೇ ಬಂದು ನೆಲೆಸಿದ್ದ. ಶಂಖದ ಚಿತ್ರಕ್ಕೆ ಕಟ್ಟುಪಾಡುಗಳುಂಟು. ತುದಿ ಮೇಲಕ್ಕಿರಬೇಕು, ಬಾಯಿ ನೋಡುವವರ ಕಡೆಗಿರಬೇಕು, ಬೆಳಕು ಎಡಗಡೆಯಿಂದಲೇ ಬೀಳಬೇಕು. ಎರಡನ್ನು ಹೋಲಿಸುವುದಾದರೆ ದೊಡ್ಡದನ್ನೂ ಚಿಕ್ಕದನ್ನೂ ಒಂದೇ ಎತ್ತರಕ್ಕೆ ತಂದು ಬರೆಯಬೇಕು. ಇಲ್ಲದಿದ್ದರೆ ಗಾತ್ರವನ್ನೇ ರೂಪವೆಂದು ಕಣ್ಣು ಮೋಸಹೋಗುತ್ತದೆ. ಕೈವಾರ ಹಿಡಿದು ಅಳೆಯುವುದೆಲ್ಲ ಅವನ ಪಾಲಿನದು. ಅವನು ಅಳೆದದ್ದನ್ನು ಆಕೆ ಮತ್ತೆ ಅಳೆದವಳೇ ಅಲ್ಲ. ಅವರ ದಾಂಪತ್ಯ ನಿಂತಿದ್ದ ನೆಲವೇ ಅದು ಎಂದರೂ ತಪ್ಪಿಲ್ಲ.

ಹೀಗಿರುವಾಗ ದಕ್ಷಿಣದ ಕಡಲಿನಿಂದ ಪೊಟ್ಟಣಗಳು ಬರತೊಡಗಿದವು.

ಕಳಿಸುತ್ತಿದ್ದವನು ಆ ಕಡೆಯ ಒಬ್ಬ ವಿದ್ವಾಂಸ. ಆಕೆಯ ಪ್ರಬಂಧವೊಂದನ್ನು ಓದಿ ಮೆಚ್ಚಿದವನು. ಒಂದೊಂದು ಶಂಖವನ್ನೂ ಎಷ್ಟು ಪದರ ಹತ್ತಿಯಲ್ಲಿ, ಎಷ್ಟು ಜೋಪಾನವಾಗಿ ಸುತ್ತಿರುತ್ತಿದ್ದನೆಂದರೆ, ಆಕೆ ಅವನ್ನು ಬಿಡಿಸುವಾಗ ಕಿಟಕಿಯ ಬಳಿ ಕುಳಿತವನಿಗೆ ಎದೆಯೊಳಗಿಂದ ಏನೋ ಎಳೆಎಳೆಯಾಗಿ ಹರಿದಂತಾಗುತ್ತಿತ್ತು. ಆಹಾ, ಅಸೂಯೆಗೆ ಕಾಲಿಡಲು ಎಷ್ಟು ಸಣ್ಣ ಸಂದು ಸಾಕು! ಹತ್ತಿಯ ಎಳೆ ಸಾಕು. ಹೆಂಡತಿಯ ತುಟಿಯಂಚಿನಲ್ಲಿ ತನ್ನಿಂದಾಗಿ ಮೂಡದ ಒಂದು ನಗೆ ಸಾಕು...

ಆ ವರ್ಷ ಬೇಸಿಗೆಗೆ ಮುಂಚೆ ಬಂದ ಪೊಟ್ಟಣದಲ್ಲಿ ಒಂದೇ ಒಂದು ಶಂಖವಿತ್ತು. ನಮ್ಮ ಉತ್ತರದ ಕಡಲಿನ ಬಂಡೆಗಳ ಮೇಲೆ ಸಿಗುವ ಗುಬಟು ಶಂಖದ ಹಾಗೆಯೇ ಅದರ ಸುರುಳಿ, ಅದರದೇ ಜೇನುಬಣ್ಣ. ಆದರೆ ನಮ್ಮದಕ್ಕೆ ಮೋಟು ಗುಬಟುಗಳಿರುವ ಜಾಗದಲ್ಲೆಲ್ಲ ಅದಕ್ಕೆ ನೀಳವಾದ, ನವುರಾದ ಮುಳ್ಳುಗಳು. ಮುಂಜಾವಿನ ಕಿರಣಗಳು ಕಲ್ಲಾಗಿ ನಿಂತವೋ ಎಂಬಂತೆ! ಜೊತೆಯಲ್ಲಿದ್ದ ಕಾಗದವನ್ನು ಆಕೆ ಗಂಡನಿಗೆ ಗಟ್ಟಿಯಾಗಿಯೇ ಓದಿ ಹೇಳಿದಳು. ಇದು ಹೊಸ ಪ್ರಭೇದವೆಂದು ತನ್ನ ನಂಬಿಕೆ, ಆಕೆಯೂ ಒಪ್ಪಿದರೆ ಇದಕ್ಕೆ ಆಕೆಯ ಹೆಸರನ್ನೇ ಇಡಬೇಕೆಂದು ತನ್ನ ಆಸೆ ಎಂದು ಅವನು ಬರೆದಿದ್ದ. ಈ ಶಾಸ್ತ್ರದಲ್ಲಿ ಯಾರೂ ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವುದಿಲ್ಲ. ಇನ್ನೊಬ್ಬರು ಪ್ರೀತಿಯಿಂದ ಕೊಡಬೇಕು. ಕೊಟ್ಟ ಹೆಸರು ಕೊಟ್ಟವರು, ಪಡೆದವರು ಇಬ್ಬರೂ ಮಣ್ಣಾದ ಮೇಲೂ ಉಳಿಯುತ್ತದೆ.

ಆ ಸಂಜೆ ಮನೆಯಲ್ಲಿ ಚಿತ್ರಕಾರ ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದ.

"ಏನೋ, ಶಂಖದ ಹುಳ ನುಂಗಿದವನ ಹಾಗೆ ಕೂತಿದ್ದೀಯ?" ಎಂದಳು ಅವನ ತಾಯಿ. ಸೊಸೆಯನ್ನು ಆಕೆ ಕರೆಯುತ್ತಿದ್ದದ್ದೇ ಶಂಖಮ್ಮ ಎಂದು. "ನಮ್ಮ ಶಂಖಮ್ಮನ ಹೆಸರು ಒಂದು ಚಿಪ್ಪಿಗೆ ಇಡ್ತಾರಂತಲ್ಲ, ಖುಷಿಪಡೋದು ಬಿಟ್ಟು!"

"ಇಡೋನು ಯಾರೋ ದಾರೀಲಿ ಹೋಗೋನು, ಅಮ್ಮ."

"ಮನೆಯೋರು ಇಡಲ್ಲವಲ್ಲಪ್ಪ, ಅದಕ್ಕೆ ದಾರೀಲಿ ಹೋಗೋರು ಇಡ್ತಾರೆ. ನಿಮ್ಮಪ್ಪನ್ನ ನೋಡು. ನಲವತ್ತು ವರ್ಷ 'ಇವಳೇ, ಇವಳೇ' ಅಂತಲೇ ಕರೆದ್ರು. ಕೊನೆಗೆ ನನಗೇ ನನ್ನ ಹೆಸರು ಮರೆತುಹೋಗಿತ್ತು."

ಒಳಗಿನಿಂದ ಸೊಸೆಯ ನಗು ಕೇಳಿಸಿತು. ಆ ನಗುವೂ ಅವನಿಗೆ ದಕ್ಷಿಣದ ಕಡೆ ಮುಖ ಮಾಡಿ ನಕ್ಕಂತೆಯೇ ಕೇಳಿಸಿತು.

ಮರುದಿನ ಎರಡೂ ಶಂಖಗಳನ್ನು ಅಕ್ಕಪಕ್ಕದಲ್ಲಿಟ್ಟು ಅವನು ಚಿತ್ರಕ್ಕೆ ಕುಳಿತ. ದಕ್ಷಿಣದ್ದು ದೊಡ್ಡದು, ಉತ್ತರದ್ದರ ಎತ್ತರಕ್ಕೆ ಅದನ್ನು ಇಳಿಸಿ ಬರೆಯಬೇಕಿತ್ತು. ಹಾಗೆ ಇಳಿಸುವಾಗ, ಓದುವವರೇ, ಮೊದಲ ಮುಳ್ಳು ತಾನಾಗಿಯೇ ಒಂದು ಕೂದಲೆಳೆಯಷ್ಟು ಮೋಟಾಯಿತು. ಕೈ ನಡುಗಿತೆಂದು ಅವನು ತನಗೆ ತಾನೇ ಹೇಳಿಕೊಂಡ. ಎರಡನೆಯ ಮುಳ್ಳಿಗೆ ಕೈ ನಡುಗಲಿಲ್ಲ. ಮೂರನೆಯದರ ಹೊತ್ತಿಗೆ ತಾನೇನು ಮಾಡುತ್ತಿದ್ದೇನೆಂದು ಅವನಿಗೆ ಸ್ಪಷ್ಟವಾಗಿ ತಿಳಿದಿತ್ತು. ಆದರೂ ಪೆನ್ಸಿಲು ನಿಲ್ಲಲಿಲ್ಲ. ಎಡಗಡೆಯಿಂದ ಬೆಳಕು ನಿಷ್ಕಲ್ಮಷವಾಗಿ ಬೀಳುತ್ತಲೇ ಇತ್ತು. ಅಪರಿಚಿತನೊಬ್ಬ ತನ್ನ ಹೆಂಡತಿಗಾಗಿ ಹತ್ತಿಯಲ್ಲಿ ಸುತ್ತಿ ಕಳಿಸಿದ ಕಿರಣಗಳನ್ನೆಲ್ಲ ಅವನು ಒಂದೊಂದಾಗಿ ಸವರಿ ಹಾಕಿದ. ಎಂಥ ಚೆಂದದ ಚಿತ್ರ ಅದು! ಅವನ ಕೈಯಿಂದ ಅಷ್ಟು ಅಚ್ಚುಕಟ್ಟಾದದ್ದು ಅದುವರೆಗೆ ಬಂದಿರಲಿಲ್ಲ.

ಆಕೆ ಚಿತ್ರವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಅಯ್ಯೋ, ನೋಡಿದ್ರಾ! ಗಾತ್ರ ನೋಡಿ ಮೋಸಹೋಗಿದ್ದೀನಿ ನಾನು. ಒಂದೇ ಎತ್ತರಕ್ಕೆ ತಂದ್ರೆ ಮುಳ್ಳಿನ ವ್ಯತ್ಯಾಸ ಇಷ್ಟೇ. ಒಂದೇ ತಾಯಿ ಮಕ್ಕಳಲ್ಲಿ ಒಬ್ಬಳ ಮೂಗು ಸ್ವಲ್ಪ ಉದ್ದ ಇರೋ ಹಾಗೆ."

"ಹಾಗಾದ್ರೆ?"

"ಹಾಗಾದ್ರೆ ಹೊಸದಲ್ಲ. ಅವರಿಗೆ ಬರೆದುಬಿಡ್ತೀನಿ. ಪಾಪ, ಬೇಜಾರು ಮಾಡ್ಕೋತಾರೆ." ಆಕೆಯ ದನಿಯಲ್ಲಿ ಸಣ್ಣದೊಂದು ನಿಟ್ಟುಸಿರಿತ್ತು. ಹೆಸರಿನ ಆಸೆ ಯಾರಿಗಿರುವುದಿಲ್ಲ?

ಗೆದ್ದವನು ಪೆನ್ಸಿಲನ್ನು ಮೇಜಿನ ಮೇಲೆ ಹೊರಳಿಸಿದ. "ಒಂದ್ಸಲ ನೀನೇ ಅಳೆದು ನೋಡ್ಬಾರ್ದಾ?"

"ನೀವು ಅಳೆದಿದ್ದೀರಲ್ಲ!" ಎಂದು ಆಕೆ ನಗುತ್ತ ಚಿತ್ರವನ್ನು ಮೇಜಿನ ಮೇಲಿಟ್ಟಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಸಂಶಯಪಟ್ಟಿದ್ದರೆ ವಾದಿಸುತ್ತಿದ್ದ. ಆ ನಂಬಿಕೆಯ ಮುಂದೆ ಮಾತ್ರ ಅವನಿಗೆ ನಿಲ್ಲಲಾಗಲಿಲ್ಲ. ಆಕೆ ಕಾಗದ ಬರೆಯಲು ಕುಳಿತಾಗ ಅವನು ಎದ್ದು ಬಂದು ಮೇಜಿನ ಪಕ್ಕ ನಿಂತ.

"ಆ ಚಿತ್ರ ಹರಿದು ಹಾಕು. ಮುಳ್ಳು ಮೋಟು ಮಾಡಿದ್ದೀನಿ. ಬೇಕು ಅಂತಲೇ."

ಆಕೆ ಅವನ ಮೇಜಿಗೆ ಹೋಗಿ ಕೈವಾರ ತಂದು, ಮೊದಲು ಶಂಖವನ್ನೂ ಆಮೇಲೆ ಚಿತ್ರವನ್ನೂ ಅಳೆದಳು. ಮದುವೆಯಾದಂದಿನಿಂದ ಅವನ ಕೆಲಸವನ್ನು ಆಕೆ ಅಳೆದದ್ದು ಅದೇ ಮೊದಲು.

"ನನ್ನ ಮೇಲೆ ಸಿಟ್ಟಿದ್ರೆ ನನ್ನ ಹತ್ರ ಜಗಳ ಆಡ್ಬೇಕಿತ್ತು," ಎಂದಳು ಕೊನೆಗೆ, ಶಂಖವನ್ನು ಹತ್ತಿಯ ಮೇಲೆ ಮಲಗಿಸುತ್ತ. "ಪಾಪದ್ದು, ಇದೇನು ಮಾಡಿತ್ತು ನಿಮಗೆ?"

"ನಿನ್ನ ಹೆಸರನ್ನ ಅವನು..."

"ಅವರು ಹೆಸರು ಕೊಡ್ತೀನಿ ಅಂದ್ರು. ನೀವು ನನ್ನ ಕಣ್ಣನ್ನೇ ಕಿತ್ಕೊಂಡ್ರಿ. ನಿಮ್ಮ ಕೈ ನಂಬಿ ತಾನೇ ನಾನು ನೋಡ್ತಾ ಇದ್ದದ್ದು?"

ಅವನು ಬೇರೆ ಚಿತ್ರ ಬರೆದ. ಈ ಬಾರಿ ಒಂದೊಂದು ಮುಳ್ಳೂ ಅದರ ಪೂರ್ಣ ನೀಳದಲ್ಲಿ ಅರಳಿ ನಿಂತಿತು. ಆಕೆ ಅದನ್ನು ತೆಗೆದುಕೊಂಡು, ಅವನ ಎದುರಿಗೇ ಅಳೆದು, ಸರಿಯಿದೆ ಎಂದು ತಲೆಯಾಡಿಸಿದಳು. ಆಮೇಲೆ ಬಂದ ಚಿತ್ರಗಳನ್ನೂ ಹಾಗೆಯೇ ಅಳೆದಳು. ಮನೆಯಲ್ಲಿ ಮಾತಿಗೆ ಕೊರತೆಯಿರಲಿಲ್ಲ. ಚಹಾ ಕೊಟ್ಟಳು, ಅತ್ತೆಯ ಹಾಸ್ಯಕ್ಕೆ ನಕ್ಕಳು. ಆದರೆ ಕೋಣೆಯ ನಿಶ್ಶಬ್ದದಲ್ಲಿ ಕೈವಾರದ ಮೊನೆ ಕಾಗದಕ್ಕೆ ತಾಗುವ ಆ ಪುಟ್ಟ ಸದ್ದು ಪ್ರತಿಬಾರಿಯೂ ಅವನಿಗೆ ಎಲ್ಲೆಲ್ಲೋ ಚುಚ್ಚುತ್ತಿತ್ತು... ಹೊರಗೆ ಬಿಸಿಲು ಏರಿತು, ಕಡಲು ಬೆಳ್ಳಗಾಯಿತು, ಅಸೂಯೆ ಮಾತ್ರ ಇಳಿಯಲಿಲ್ಲ. ನಾಚಿಕೆಯೊಡನೆ ಬೆರೆತು ಇನ್ನಷ್ಟು ದಟ್ಟವಾಯಿತು.

ಹೊಸ ಪ್ರಭೇದವೆಂದು ಸಾರುವ ಮುನ್ನ ಆಕೆಗೆ ಒಂದು ಅನುಮಾನ ಉಳಿದಿತ್ತು: ನಡುವಣ ಕಡಲಿನಲ್ಲಿ ನಡುವಣ ರೂಪದ ಶಂಖಗಳಿದ್ದರೆ? ನಕ್ಷೆಯಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ನಡುವೆ ಒಂದೂ ಗುರುತಿರಲಿಲ್ಲ. ಅಲ್ಲಿ ಬರೀ ಮರಳು, ಬಂಡೆಯನ್ನು ನೆಚ್ಚಿ ಬಾಳುವ ಈ ಜಾತಿ ಅಲ್ಲಿರದು ಎಂದು ಎಲ್ಲರೂ ನಂಬಿದ್ದರು. ಆದರೆ ಬೇಸಿಗೆಯ ಅತಿದೊಡ್ಡ ಇಳಿತದಲ್ಲಿ ಅಲ್ಲೂ ಸಾಲುಬಂಡೆಗಳು ತಲೆಯೆತ್ತುತ್ತವೆಂದು ಬೆಸ್ತರು ಹೇಳಿದ್ದನ್ನು ಆಕೆ ಕೇಳಿದ್ದಳು. ಹೋಗಿ ನೋಡುವುದೆಂದಾಯಿತು. ದಕ್ಷಿಣದವನೂ ಬರುತ್ತೇನೆಂದ.

ಅವನು ಮುದುಕನಾಗಿರಲೆಂದು ಚಿತ್ರಕಾರ ದಾರಿಯುದ್ದಕ್ಕೂ ಹಾರೈಸಿದ. ಹಾರೈಕೆ ಫಲಿಸಲಿಲ್ಲ. ಬಂದವನು ಅವರದೇ ವಯಸ್ಸಿನವನು, ಬಿಸಿಲಿಗೆ ಹೊಳೆಯುವ ಮೈಯವನು, ಮೆಲುದನಿಯವನು, ಒಂಟಿಯಾಗಿದ್ದವನು. ಆಕೆಯನ್ನು ನೋಡಿದ ಕೂಡಲೇ ಅವನ ಮುಖದಲ್ಲಿ ಬೆಳಗಿ, ಕೂಡಲೇ ಮರೆಯಾದ ಬೆಳಕನ್ನು ಬೆಳಕಿನ ಕಸುಬಿನವನ ಕಣ್ಣು ಹೇಗೆ ಕಾಣದೆ ಬಿಟ್ಟೀತು? ಅನುಮಾನ ಸುಳ್ಳಾಗಿರಲಿಲ್ಲ. ಇವನು ಅವಳನ್ನು ಪ್ರೀತಿಸುತ್ತಾನೆ! ಆದರೆ ಆ ಪ್ರೀತಿ ಏನನ್ನೂ ಬೇಡದೆ, ಕೊಡಲು ಒಂದು ಹೆಸರನ್ನಷ್ಟೇ ಹಿಡಿದುಕೊಂಡು ಅಷ್ಟು ದೂರ ಬಂದು ನಿಂತಿತ್ತು. ಅದನ್ನು ದ್ವೇಷಿಸಲು ಚಿತ್ರಕಾರ ತನ್ನೆಲ್ಲ ಬಲವನ್ನೂ ಕೂಡಿಸಿಕೊಂಡ, ಸಾಲಲಿಲ್ಲ.

ಕಡಲು ಹಿಂದೆ ಸರಿಯಿತು. ಸಾಲುಬಂಡೆಗಳು ಎದ್ದವು. ಸಂದುಗಳಲ್ಲಿ ಖಾಲಿ ಶಂಖಗಳು ಸಿಕ್ಕತೊಡಗಿದವು. ಅಲೆ ಬಡಿಯುವ ಬಂಡೆಯ ಹೊರಮೈಯಲ್ಲಿ ಸಿಕ್ಕವಕ್ಕೆ ಮೋಟು ಗುಬಟು, ನೀರು ನಿದ್ದೆಹೋದ ಒಳಮಡುವಿನಲ್ಲಿ ಸಿಕ್ಕವಕ್ಕೆ ಉದ್ದನೆಯ ಮುಳ್ಳು, ನಡುವೆ ಸಿಕ್ಕವಕ್ಕೆ ಅದೂ ಅಲ್ಲ, ಇದೂ ಅಲ್ಲ... ಆಕೆ ಅವನ್ನೆಲ್ಲ ಚಪ್ಪಟೆ ಬಂಡೆಯೊಂದರ ಮೇಲೆ ಸಾಲಾಗಿ ಜೋಡಿಸಿದಳು. ಸಾಲಿನಲ್ಲಿ ಒಂದೇ ಒಂದು ತೆರಪು ಉಳಿಯಿತು. ಅಲ್ಲಿಗೆ ಸರಿಹೋಗಬಹುದಾದ ಕಡೆಯ ಶಂಖ ಆಗ ದಕ್ಷಿಣದವನ ಅಂಗೈಯಲ್ಲಿತ್ತು. ಅದು ಆ ತೆರಪನ್ನು ತುಂಬಿದರೆ ಉತ್ತರ ದಕ್ಷಿಣಗಳೆರಡೂ ಒಂದೇ ಪ್ರಭೇದ, ಹೆಸರು ಇಲ್ಲ. ತುಂಬದಿದ್ದರೆ ಎರಡು ಬೇರೆ, ಹೆಸರು ಶಾಶ್ವತ.

ಅವನು ಶಂಖವನ್ನು ಚಿತ್ರಕಾರನ ಕಡೆಗೆ ಚಾಚಿದ. "ನೀವೇ ಅಳೆದು ಹೇಳಿ. ನನಗೆ ಇದರಲ್ಲಿ ಆಸೆ ಇದೆ, ನನ್ನ ಕಣ್ಣು ಬೇಡ."

ಎಂಥ ಗಳಿಗೆ ಅದು! ಹೆಂಡತಿಯ ಮುಖವನ್ನು ಚಿತ್ರಕಾರ ನೋಡಿದ. ಉಪ್ಪುನೀರಿನಲ್ಲಿ ಬೆಳಗಿನಿಂದ ನಿಂತ ದಣಿವು, ಆ ದಣಿವಿನ ಹಿಂದೆ ಮಗುವಿನಂಥ ಒಂದು ನಿರೀಕ್ಷೆ... ಆ ಹೆಸರು ಇವಳಿಗೆ ಸಿಗಲಿ ಎಂದು ಅವನ ಜೀವವೆಲ್ಲ ಕೂಗಿತು. ಯಾರು ಕೊಟ್ಟರೇನು? ಸಿಗಲಿ! ಒಂದು ಕೂದಲೆಳೆಯಷ್ಟು ಹೆಚ್ಚಿಸಿ ಹೇಳಿದರೆ ಸಾಕಿತ್ತು. ಅಂದು ಅಸೂಯೆ ಮೋಟು ಮಾಡಿಸಿದ್ದನ್ನು ಇಂದು ಪ್ರೀತಿ ಉದ್ದ ಮಾಡಿಸಲು ಕೈ ಹಿಡಿದು ಎಳೆಯುತ್ತಿತ್ತು. ಅವನು ಅಳೆದ. ಮತ್ತೊಮ್ಮೆ ಅಳೆದ. ನಿಜ ಹೇಳಿದರೆ ಅದು ಹಳೆಯ ಹೊಟ್ಟೆಕಿಚ್ಚಿನ ಮಾತೆಂದೇ ಇವಳಿಗೆ ಕೇಳಿಸೀತೆಂಬುದೂ ಅವನಿಗೆ ಗೊತ್ತಿತ್ತು.

"ಸರಿಯಾಗಿ ನಡುವೆ ಕೂರುತ್ತೆ," ಎಂದ. ಶಂಖವನ್ನೂ ಕೈವಾರವನ್ನೂ ಆಕೆಯ ಕಡೆಗೆ ಚಾಚಿದ. "ಎಲ್ಲ ಒಂದೇ ಕಣೇ. ನನ್ನನ್ನ ನಂಬಬೇಡ, ನೀನೇ ಅಳೆದು ನೋಡು."

ಆಕೆ ಅವನ ಮುಖವನ್ನೇ ದಿಟ್ಟಿಸಿದಳು. ಅವನ ಕಣ್ಣಂಚಿನಲ್ಲಿ ನಿಂತದ್ದು ಕಡಲಿನ ಹನಿಯಲ್ಲವೆಂದು ಆಕೆಗೆ ಅರ್ಥವಾಗಿರಬೇಕು. ಅವನು ಚಾಚಿದ ಕೈವಾರವನ್ನು ತೆಗೆದುಕೊಳ್ಳದೆ, ಶಂಖವನ್ನು ಮಾತ್ರ ತೆಗೆದುಕೊಂಡು, ಅದನ್ನು ಆ ತೆರಪಿನಲ್ಲಿಟ್ಟಳು.

"ಒಂದೇ," ಎಂದಳು.

"ಹೆಸರು ಹೋಯ್ತು," ಎಂದು ದಕ್ಷಿಣದವನು ಮೆಲ್ಲನೆ ನಕ್ಕ.

"ಹೋದ್ರೆ ಹೋಗ್ಲಿ ಬಿಡಿ. ಇಷ್ಟು ದೂರದ ಕಡಲಿಗೆ ಇಷ್ಟು ಹತ್ತಿರದ ನಂಟು ಸಿಕ್ತಲ್ಲ," ಎಂದು ಆಕೆ ಅವನಿಗೆ ಕೈಮುಗಿದಳು. ಆ ನಮಸ್ಕಾರದಲ್ಲಿ ಆದರವಿತ್ತು, ದಾಟಬಾರದ ಒಂದು ಗೆರೆಯೂ ಇತ್ತು. ಇಬ್ಬರು ಗಂಡಸರಿಗೂ ಅದು ಕಂಡಿತು.

ಚಿತ್ರಕಾರನ ಅಸೂಯೆ ಅಂದೇ ಅಳಿದುಹೋಯಿತೆಂದು ನಾನು ಹೇಳಿದರೆ ನೀವು ನಂಬಲಾರಿರಿ, ನಂಬಲೂ ಬಾರದು. ಮುಂದೆಯೂ ಪೊಟ್ಟಣ ಬಂದಾಗ ಅವನ ಎದೆ ಒಮ್ಮೆ ಚುರುಕ್ಕೆನ್ನುತ್ತಿತ್ತು. ಆದರೆ ನಾವು ಪ್ರೇಮವನ್ನು ಒಂದು ಸೆಳೆಖಾನೆಯಲ್ಲೂ ಮತ್ಸರವನ್ನು ಇನ್ನೊಂದರಲ್ಲೂ ಇಟ್ಟು, ಚೀಟಿ ಬರೆದು, ನೆಮ್ಮದಿಯಿಂದ ಬೀಗ ಹಾಕಿಕೊಳ್ಳುತ್ತೇವಲ್ಲ... ಅವೆರಡರ ನಡುವಣ ಕಡಲಿಗೆ ಇಳಿದು ನೋಡಿದವರು ಎಷ್ಟು ಮಂದಿ? ಅಲೆ ಬಡಿಯುವಲ್ಲಿ ಮೊರಡಾಗಿ, ನೀರು ಶಾಂತವಾದಲ್ಲಿ ನೀಳವಾಗಿ ಬೆಳೆಯುವುದು ಬಹುಶಃ ಒಂದೇ ಜೀವ. ಅದು ಯಾವ ರೂಪ ತಾಳೀತೆಂಬುದು, ಅದರ ಸುತ್ತಲಿನ ನೀರು ಎಷ್ಟು ನಂಬಿಕೆಯಿಂದ ಕೂಡಿದೆಯೆಂಬುದಕ್ಕೆ ಬಿಟ್ಟದ್ದು.