ತೋಳದ ಬಣ್ಣದ ಅಂಚು

ಅಮೋಗಸಿದ್ದನಿಗೆ ಕಣ್ಣಿಗೆ ಬಿದ್ದದ್ದೆಲ್ಲ ಕಂಬಳಿಯಲ್ಲಿ ಬರಬೇಕು. ಗೌಜಲಕ್ಕಿಯ ಎದೆಯ ಗೆರೆ, ಉತ್ತ ಎರೆಹೊಲದ ಸಾಲು, ಒಣಗಿದ ಹಳ್ಳದ ಬಿರುಕು, ಯಾವುದನ್ನೂ ಬಿಟ್ಟವನಲ್ಲ. ಯಳವಿಯ ಕುರುಬರಲ್ಲಿ ಅಂಥ ನೇಕಾರ ಇನ್ನೊಬ್ಬನಿರಲಿಲ್ಲ, ಅಂಥ ಹಟಮಾರಿಯೂ ಇರಲಿಲ್ಲ. ಜತ್ತದ ಸಂಸ್ಥಾನ ಹೋಗಿ ನಾಲ್ಕಾರು ವರ್ಷವಾಗಿದ್ದ ಆ ಬೇಸಗೆಯಲ್ಲಿ ಅವನಿಗೆ ತೋಳದ ಬೆನ್ನಿನ ಬಣ್ಣವೇ ಬೇಕಾಯಿತು.

ಕರಿ ಉಣ್ಣೆ, ಬಿಳಿ ಉಣ್ಣೆ ಹೇಗೆ ಬೆರೆಸಿದರೂ ಆ ಬೂದು ಬರಲಿಲ್ಲ. ಕೊನೆಗೆ ಜಾಲಿಕಂಟಿಯ ಮುಳ್ಳಿಗೆ ತೋಳ ಬಿಟ್ಟುಹೋದ ಕೂದಲನ್ನೇ ಆಯ್ದು ತಂದ.

"ಅದನ್ನ ಒಳಗ ತರಬ್ಯಾಡ್ರಿ," ಎಂದಳು ಹೆಂಡತಿ ದುಂಡವ್ವ. "ಕುರಿ ಕಾಯೋರ ಮನಿ ಇದು."

"ಕೂದಲಿಗೇನ ಹಲ್ಲ ಇರ್ತಾವೇನ?"

ದಿನವೂ ಅವನಿಗೆ ನೂಲು ತೆಗೆದುಕೊಡುವವಳು ಅದನ್ನು ಮುಟ್ಟಲೂ ಇಲ್ಲ. ಅವನೇ ಉಣ್ಣೆಯ ಜೊತೆ ಬೆರೆಸಿ ನೂತು, ಅಂಚಿಗೆ ಹಾಕಿ ನೇಯ್ದ. ಹುಣಸೆಬೀಜದ ಗಂಜಿ ಬಳಿದು ಒಣಗಿಸಿದ ಮೇಲೆ ಕಂಬಳಿ ಹಲಗೆಯಂತೆ ಬಿರುಸಾಯಿತು. ಗಂಜಿಯದಲ್ಲದೆ ಬೇರೆ ಯಾವ ವಾಸನೆಯೂ ಅದಕ್ಕಿರಲಿಲ್ಲ. ನೋಡಿದವರು ಮೂಗಿನ ಮೇಲೆ ಬೆರಳಿಟ್ಟರು. ಮಗ ಶಿದ್ರಾಯ ಅದನ್ನು ಹೆಗಲಿಗೇರಿಸಿ ಕುರಿ ಹೊಡೆದುಕೊಂಡು, ಕಾವಲಿನ ಮೂರು ನಾಯಿ ಕರೆದುಕೊಂಡು ಊರ ಹಿಂದಿನ ಬರಡು ದಿಬ್ಬದ ಮಡ್ಡಿಗೆ ಹೋದ.

ಮಧ್ಯಾಹ್ನ ವರ್ಷದ ಮೊದಲ ಮಳೆ ಬಂತು. ಅಂಗಳದಲ್ಲಿ ಬಿದ್ದಿದ್ದ, ಗಂಜಿ ಹತ್ತಿದ ಅಂಚಿನ ನೂಲಿನ ತುಂಡುಗಳು ನೆನೆದವು. ಮನೆಯ ಮುದಿನಾಯಿ, ಎದ್ದು ಕೂಡುವುದಕ್ಕೂ ಬೇಸರಪಡುವಂಥದ್ದು, ಅವನ್ನು ಮೂಸಿದ್ದೇ ಬೆನ್ನಿನ ಕೂದಲು ನಿಗುರಿಸಿ ಗುರುಗುಟ್ಟಿತು.

ಅಮೋಗಸಿದ್ದ ಒಂದು ತುಂಡು ಎತ್ತಿ ಮೂಸಿದ. ಗಂಜಿ ತೊಳೆದುಹೋದರೆ ಕೂದಲ ವಾಸನೆ ಏಳುತ್ತದೆ. ಮಡ್ಡಿಯಲ್ಲೂ ಈಗ ಇದೇ ಮಳೆ. ಶಿದ್ರಾಯ ಕಂಬಳಿಯನ್ನು ತಲೆಯ ಮೇಲೆ ಕೊಪ್ಪೆ ಮಾಡಿ ಹೊದ್ದು ಬಗ್ಗಿ ಕುಳಿತಿರುತ್ತಾನೆ. ಅವನ ಸುತ್ತ ತೋಳವನ್ನೇ ಹರಿದು ಪಳಗಿದ ಆ ಮೂರು ನಾಯಿ.

"ನಮ್ಮ ನಾಯಿ, ದುಂಡವ್ವಾ! ನಮ್ಮ ನಾಯಿಗೋಳ ಅವನ್ನ ತೋಳ ಅಂತ..."

ಮಾತು ಮುಗಿಸದೆ ಓಡಿದ. ದುಂಡವ್ವ ಬರಿಗಾಲಲ್ಲಿ ಅವನ ಬೆನ್ನ ಹಿಂದೆಯೇ ಓಡಿದಳು.

ಮಡ್ಡಿ ಏರುವಾಗಲೇ ಕುರಿಗಳು ಚೆದುರಿ ಕೆಳಗೆ ಬರುತ್ತಿದ್ದವು. ಮೇಲೆ ಶಿದ್ರಾಯ ಮೊಣಕಾಲೂರಿದ್ದ, ನಾಯಿಗಳು ಅವನನ್ನು ಸುತ್ತುಗಟ್ಟಿದ್ದವು. ಅವುಗಳ ಹೆಸರು ಹಿಡಿದು ಕೂಗುತ್ತಿದ್ದ. ಅವು ಅವನ ದನಿ ಕೇಳುವ ಸ್ಥಿತಿಯಲ್ಲಿರಲಿಲ್ಲ. ಹೆದರಿದಷ್ಟೂ ಅವನು ಕಂಬಳಿಯನ್ನು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

"ಕಂಬಳಿ ಒಗಿಯೋ! ದೂರ ಒಗಿ ಲಗೂನ!" ಎಂದು ಅಮೋಗಸಿದ್ದ ಕೂಗಿದ.

"ದೇವರದು ಇದು, ಅಪ್ಪಾ!" ಎಂದ ಮಗ.

ಕಂಬಳಿ ದೇವರ ಗದ್ದುಗೆ, ಅದನ್ನು ಕಾಲ ಕೆಳಗೆ ಎಸೆಯಬಾರದು. ಹಾಗೆಂದು ಕಲಿಸಿದವನು ಅಪ್ಪನೇ. ಒಂದು ನಾಯಿ ಕುತ್ತಿಗೆಗೆ ಹಾರಿತು.

"ಪಾಪ ನನಗಿರ್ಲಿ! ಒಗಿಯೋ ಮಗನ!"

ಶಿದ್ರಾಯ ಎಸೆದ. ಮೂರೂ ನಾಯಿಗಳು ಕಂಬಳಿಯ ಮೇಲೆ ಬಿದ್ದವು. ಅಮೋಗಸಿದ್ದ ಮಗನನ್ನು ಎಳೆದು ಎದೆಗೊತ್ತಿಕೊಂಡ. ಆ ಅಂಚು ಹರಿಯದೆ ಉಳಿದು, ಅದೇ ವಾಸನೆ ಹತ್ತಿದ ಮಗನತ್ತ ಅವು ಮತ್ತೆ ತಿರುಗಿದರೆ? ನಾಯಿಗಳು ಎಳೆದಾಡಿದವು, ಕಾಲೂರಿ ಜಗ್ಗಿದವು. ಅಂಚು ಹರಿಯಲೇ ಇಲ್ಲ. ಅವನು ಅದನ್ನು ಅಷ್ಟು ಬಿಗಿಯಾಗಿ ನೇಯ್ದಿದ್ದ.

"ಹರೀರೋ ನನ್ನಪ್ಪಗಳಿರಾ," ಎಂದು ಅಳುತ್ತ ನಾಯಿಗಳನ್ನು ಬೇಡಿಕೊಂಡ, "ಲಗೂನ ಹರೀರಿ."