ಆಗಿಬರದ ಔಷಧಿ

"ಅಯೋಡಿನ್ ಆಗಿಬರಲ್ಲ ಅಂತ ಬರೆದಿದೆಯಲ್ಲ ಸಿಸ್ಟರ್, ಇವರನ್ನ ಟೇಬಲ್ ಮೇಲೆ ಹೇಗೆ ಮಲಗಿಸ್ಲಿ?" ಕಣ್ಣಿನ ಡಾಕ್ಟರು ಫೈಲನ್ನು ಮೇಜಿನ ಮೇಲೆ ಬಿಚ್ಚಿಟ್ಟು, ಮೊದಲ ಪುಟದ ಕೆಂಪು ಅಕ್ಷರಗಳ ಮೇಲೆ ಬೆರಳಿಟ್ಟರು.

ಸಿಸ್ಟರ್ ಫೈಲನ್ನು ತನ್ನ ಕಡೆಗೆ ಎಳೆದುಕೊಂಡಳು. ಇದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತಾರು ವರ್ಷ ದುಡಿದವಳು, ಎಂಥೆಂಥ ಡಾಕ್ಟರುಗಳಿಗೂ ಎದುರುತ್ತರ ಕೊಟ್ಟವಳು. ಆದರೆ ಇವತ್ತು ರೋಗಿಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದದ್ದು ಅವಳ ಅತ್ತೆ.

"ಕಣ್ಣಿಗೆ ಒಂದು ಹನಿ ಅಯೋಡಿನ್ ಹಾಕ್ದೆ ನಾನು ಚಾಕು ಮುಟ್ಟಲ್ಲ," ಎಂದರು ಡಾಕ್ಟರು. "ಒಳಗೆ ಕೀವಾಯ್ತು ಅಂದ್ರೆ ಇರೋ ಬೆಳಕೂ ಹೋಗುತ್ತೆ. ಅದರ ಬದಲಿಗೆ ಹಾಕೋವಂಥದ್ದು ನಮ್ಮಲ್ಲಿ ಇಲ್ಲ. ನಿಮಗೆ ಗೊತ್ತಿಲ್ಲದ್ದೇನಲ್ಲ."

ಗೊತ್ತಿತ್ತು. ಇದೇ ಮಾತು ಹೇಳಿ ಈಗಾಗಲೇ ಎರಡು ಆಸ್ಪತ್ರೆಯವರು ಅತ್ತೆಯನ್ನು ವಾಪಸು ಕಳಿಸಿದ್ದರು. ಎಡಗಣ್ಣು ಬಾಲ್ಯದಲ್ಲೇ ಹೋಗಿತ್ತು. ಉಳಿದ ಬಲಗಣ್ಣೊಂದರಲ್ಲೇ ಅತ್ತೆ ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ಥಾನುಗಳನ್ನು ಪರೀಕ್ಷಿಸಿದ್ದರು. ಹರಿದ ಎಳೆ, ತಪ್ಪಿದ ನೇಯ್ಗೆ, ಸಾಸಿವೆಯಷ್ಟು ಎಣ್ಣೆಕಲೆ, ಯಾವುದೂ ಆ ಕಣ್ಣಿಗೆ ತಪ್ಪುತ್ತಿರಲಿಲ್ಲ. ಸೊಸೆ ಬಂದ ಮೇಲೆ ಮನೆಯಲ್ಲೂ ಅದೇ ಕಣ್ಣು ಕೆಲಸ ಮಾಡಿತ್ತು ಅನ್ನುವುದು ಬೇರೆ ಮಾತು. ಈಗ ಆ ಕಣ್ಣಿಗೂ ಪೊರೆ ಬಂದು, ಬಾಗಿಲಲ್ಲಿ ನಿಂತವರು ಮಗನೋ ಪಕ್ಕದ ಮನೆಯವರೋ ಎಂದು ದನಿ ಕೇಳಿ ತಿಳಿಯಬೇಕಾಗಿತ್ತು.

"ಬರೆದಿರೋದು ಸರಿಯಾಗೇ ಇದೆ," ಅಂದರು ಅತ್ತೆ. "ದೊಡ್ಡ ಆಪರೇಷನ್ ಆದಾಗ ಬೆನ್ನು ಸುಟ್ಟು ಚರ್ಮ ಕಿತ್ತುಬಂದಿತ್ತು. ಅಯೋಡಿನ್ ಆಗಲ್ಲ ಅಂತ ಅವತ್ತೇ ಹೇಳಿದ್ರು."

ಮದುವೆಯಾದಾಗಿನಿಂದ ಸಿಸ್ಟರ್ ಈ ಕತೆ ಕೇಳುತ್ತಲೇ ಬಂದಿದ್ದಳು. ಆದರೆ ಕೇಳಿದ್ದೆಲ್ಲ 'ಮೈ ಸುಟ್ಟುಹೋಯ್ತು' ಅಂತಲೇ. ಬೆನ್ನು ಎಂಬ ಮಾತು ಕಿವಿಗೆ ಬಿದ್ದದ್ದು ಇದೇ ಮೊದಲು.

"ಅತ್ತೆ, ಆಪರೇಷನ್ ಆಗಿದ್ದು ಹೊಟ್ಟೆಗಲ್ವಾ?"

"ಮತ್ತೆ? ಗರ್ಭಕೋಶ ಬೆನ್ನಲ್ಲಿರುತ್ತೇನೇ?"

ಡಾಕ್ಟರು ನಗು ತಡೆದುಕೊಂಡರು. ಸಿಸ್ಟರ್ ನಗಲಿಲ್ಲ.

"ಔಷಧಿ ಹಚ್ಚಿದ್ದು ಹೊಟ್ಟೆ ಮೇಲೆ. ಅಲ್ಲಿ ಬೊಬ್ಬೆ ಬಂದಿತ್ತಾ?"

"ಹೊಟ್ಟೆ ಮೇಲೆ ಏನೂ ಇರ್ಲಿಲ್ಲಪ್ಪ. ಸೊಂಟದ ಹಿಂದೆ, ಅಂಗೈ ಅಗಲ. ಹದಿನೈದು ದಿನ ಬೋರಲು ಮಲಗಿದ್ದೆ."

ಅಂಗೈ ಅಗಲದ ಅಂಥದೊಂದು ಗಾಯವನ್ನು ಸಿಸ್ಟರ್ ಕಣ್ಣಾರೆ ಕಂಡಿದ್ದಳು. ಹೇಗೆ ಆಗುತ್ತದೆಂದೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅದನ್ನು ಹೇಳಬೇಕಾದರೆ, ಯಾವ ಅತ್ತೆಯ ಮುಂದೆ ತನ್ನ ಕೆಲಸದಲ್ಲಿ ಒಂದು ಎಳೆಯೂ ತಪ್ಪಿಲ್ಲವೆಂದು ಇಷ್ಟು ವರ್ಷ ತಲೆಯೆತ್ತಿ ನಡೆದಿದ್ದಳೋ, ಅದೇ ಅತ್ತೆಯ ಮುಂದೆ ಬಾಯಿಬಿಡಬೇಕಿತ್ತು. ಕೊನೆಗೆ ಹೇಳಿಯೇಬಿಟ್ಟಳು.

"ಕೆಲಸಕ್ಕೆ ಸೇರಿದ ಮೊದಲನೇ ವರ್ಷ ನಾನೂ ಒಬ್ಬ ಹೆಂಗಸಿಗೆ ಹೀಗೇ ಮಾಡಿದೀನಿ ಅತ್ತೆ. ಜಾಸ್ತಿ ಹಚ್ಚಿದ್ರೆ ಒಳ್ಳೇದು ಅಂತ ಹೊಟ್ಟೆ ಮೇಲೆ ಅಯೋಡಿನ್ ಧಾರಾಳವಾಗಿ ಸುರಿದೆ. ಅದು ಪಕ್ಕದಿಂದ ಹರಿದು ಸೊಂಟದ ಕೆಳಗಿನ ಬಟ್ಟೆ ನೆನೆಸ್ತು. ನಾನು ಬಟ್ಟೆ ಬದಲಾಯಿಸ್ಲಿಲ್ಲ. ಆಕೆ ಆ ಒದ್ದೇಲೇ ಮೂರು ಗಂಟೆ ಅಲ್ಲಾಡದೆ ಮಲಗಿದ್ರು. ಹಚ್ಚಿದ ಕಡೆ ಏನೂ ಆಗ್ಲಿಲ್ಲ, ಬೆನ್ನು ಸುಟ್ಟಿತು. ಒಣಗೋಕೆ ಬಿಟ್ಟಿದ್ರೆ ಸುಡ್ತಿರ್ಲಿಲ್ಲ. ನಿಮಗೂ ಹಾಗೇ ಆಗಿರ್ಬೇಕು, ಔಷಧಿ ಆಗಿಬರದೇ ಅಲ್ಲ."

ಅತ್ತೆ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಇದನ್ನ ಯಾರಿಗೂ ಹೇಳಿರ್ಲಿಲ್ವೇ?"

"ಆಕೆಗೇ ಹೇಳಿದ್ದೆ. ಕಾಲು ಮುಟ್ಟಿ ಹೇಳಿದ್ದೆ. ಮನೇಲಿ ಹೇಳೋ ಧೈರ್ಯ ಬರ್ಲಿಲ್ಲ."

ಅಂದಿನಿಂದ ಅವಳು ಒಂದು ಅಭ್ಯಾಸ ಇಟ್ಟುಕೊಂಡಿದ್ದಳು. ಔಷಧಿ ಹಚ್ಚಿ ಮುಗಿದೊಡನೆ ರೋಗಿಯ ಬೆನ್ನ ಕೆಳಗೆ ಕೈ ತೂರಿಸಿ ತಡವಿ ನೋಡುತ್ತಾಳೆ. ಒದ್ದೆ ತಾಕಿದರೆ ಬಟ್ಟೆ ಬದಲಾಗಲೇಬೇಕು, ಹೊಸ ಕೈಗವಸು ಹಾಕಿಕೊಂಡು ಬರುವ ತನಕ ದೊಡ್ಡ ಡಾಕ್ಟರೇ ಆದರೂ ಕಾಯಬೇಕು. ಥಿಯೇಟರಿನವರು ಹಿಂದಿನಿಂದ ಆಡಿಕೊಳ್ಳುತ್ತಾರೆ, ಎದುರಿಗೆ ಕಾಯುತ್ತಾರೆ.

ಡಾಕ್ಟರು ಫೈಲನ್ನು ಮತ್ತೊಮ್ಮೆ ತಿರುವಿದರು. "ನೀವು ಹೇಳೋದ್ರಲ್ಲಿ ಅರ್ಥ ಇದೆ. ಮುಂಗೈಗೆ ಒಂಚೂರು ಹಚ್ಚಿ ನೋಡೋಣ. ನಾಳೆ ಬೆಳಿಗ್ಗೆವರೆಗೆ ಏನೂ ಆಗದೇ ಇದ್ರೆ ನಾನು ತಯಾರು."

ಸಿಸ್ಟರ್ ಅತ್ತೆಯ ಮುಂಗೈಯ ಒಳಬದಿಗೆ ರೂಪಾಯಿಯಗಲ ಕಂದು ಔಷಧಿ ಹಚ್ಚಿ, ಊದದೆ, ಒರೆಸದೆ, ಒಣಗಲು ಬಿಟ್ಟಳು. ಆಮೇಲೆ ತನ್ನ ಕೈಗೂ ಅಷ್ಟೇ ಹಚ್ಚಿಕೊಂಡಳು. ವಾಸನೆಯಲ್ಲೇ ಅತ್ತೆಗೆ ತಿಳಿಯಿತು.

"ನಿನಗ್ಯಾಕೆ?"

"ಜೊತೆಗಿರ್ಲಿ ಅಂತ."

ಅತ್ತೆ ಬೇಡವೆನ್ನಲಿಲ್ಲ. ಆದರೆ ಮನೆಗೆ ಬಂದ ಮೇಲೆ ಗಳಿಗೆಗೊಮ್ಮೆ ಕೈ ಮುಂದೆ ಚಾಚಿದರು.

"ಕೆಂಪಾಗಿದೆಯಾ ನೋಡು."

"ಇಲ್ಲ ಅತ್ತೆ."

"ಸರಿಯಾಗಿ ನೋಡು. ನೀನು ಒಗೆದ ಬಟ್ಟೆ ನೋಡ್ದಂಗೆ ಮೇಲಿಂದ ಮೇಲೆ ನೋಡ್ಬೇಡ."

ಬೆಳಿಗ್ಗೆ ಕಂದು ಬಣ್ಣ ಮಾಸಿತ್ತು. ಕೆಳಗಿನ ಚರ್ಮ ಇದ್ದ ಹಾಗೇ ಇತ್ತು. ಡಾಕ್ಟರು ಭೂತಗನ್ನಡಿ ಹಿಡಿದು ನೋಡಿ, ಕೆಂಪು ಅಕ್ಷರಗಳ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು.

ಥಿಯೇಟರಿನಲ್ಲಿ ಸಿಸ್ಟರ್ ಯಾರಿಗೂ ಜಾಗ ಬಿಡಲಿಲ್ಲ. ಕಣ್ಣು ಮರಗಟ್ಟಿಸುವ ಹನಿ ಹಾಕಿದಳು, ರೆಪ್ಪೆಯ ಅಂಚನ್ನು ಒರೆಸಿದಳು, ತೆಳುಮಾಡಿದ ಅಯೋಡಿನ್ನನ್ನು ಕಣ್ಣಿಗೆ ಬಿಟ್ಟು ಗೋಡೆಯ ಗಡಿಯಾರದ ಕಡೆ ನೋಡಿದಳು. ಔಷಧಿ ಕೆಲಸ ಮಾಡಲು ಮೂರು ನಿಮಿಷ. ಡಾಕ್ಟರು ಕೈಯೆತ್ತಿಕೊಂಡು ಕಾಯುತ್ತ ನಿಂತರು. ಈ ಮೂರು ನಿಮಿಷ ಯಾರ ಅವಸರಕ್ಕೂ ಕರಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಹಾಗೆ ಕಾಯಿಸುವುದರಲ್ಲಿ ಅವಳಿಗೆ ಹೆಮ್ಮೆಯಿತ್ತು, ಅದನ್ನು ಅವಳು ಮುಚ್ಚಿಟ್ಟುಕೊಂಡವಳೂ ಅಲ್ಲ.

"ಉರೀತಿದೆಯಾ ಅತ್ತೆ?"

"ಇಲ್ಲ. ನೀನು ಕೆಲಸ ನೋಡು."

ಮರುದಿನ ಬೆಳಿಗ್ಗೆ ಡಾಕ್ಟರು ಕಣ್ಣಿನ ಪಟ್ಟಿ ಬಿಚ್ಚಿ, ಟಾರ್ಚು ಹಾಕಿ ನೋಡಿ, ಒಂದು ಚೂರೂ ಕೆಂಪಿಲ್ಲವೆಂದರು. ಅತ್ತೆ ಬಹಳ ಹೊತ್ತು ರೆಪ್ಪೆ ಬಡಿಯುತ್ತ ಕೂತಿದ್ದು, ಆಮೇಲೆ ಎದ್ದರು. ಸೊಸೆ ಕೈ ಹಿಡಿಯಲು ಬಂದಾಗ ಬೇಡವೆಂದು ತಲೆಯಾಡಿಸಿ ತಾವೇ ಮುಂದೆ ನಡೆದರು. ಓಣಿಯಂಥ ಉದ್ದನೆಯ ವರಾಂಡದಲ್ಲಿ ಎರಡೂ ಕಡೆ ಬೆಂಚುಗಳ ತುಂಬ ಜನ. ಅತ್ತೆ ಒಂದೊಂದು ಬಾಗಿಲಿನ ಮುಂದೂ ನಿಂತು ಅಲ್ಲಿನ ಫಲಕವನ್ನು ಬಾಯೊಳಗೇ ಓದಿಕೊಂಡು ಮುಂದೆ ಹೋಗುತ್ತಿದ್ದರು.

ಥಿಯೇಟರಿನ ಬಾಗಿಲ ಪಕ್ಕ ಅಂದಿನ ಕೆಲಸದವರ ಪಟ್ಟಿಯ ಕರಿಹಲಗೆಯಿತ್ತು. ಅದರ ಮುಂದೆ ಅತ್ತೆ ನಿಂತೇ ನಿಂತರು. ಮೇಲಿನಿಂದ ಕೆಳಗೆ ಒಂದು ಸಾಲಿಗೂ ಅವಸರ ಮಾಡದೆ ನೋಡುತ್ತ ಬಂದು, ಒಂದು ಕಡೆ ಬೆರಳಿಟ್ಟು, ಸೊಸೆಯ ಹೆಸರನ್ನು ಹುದ್ದೆಯ ಸಮೇತ ಓದಿದರು. ಸೊಸೆಯಾಗಿ ಬಂದಾಗಿನಿಂದ 'ಏನೇ', 'ಇವಳೇ' ಬಿಟ್ಟು ಬೇರೆ ಬಾರದಿದ್ದ ಬಾಯಿಂದ ತನ್ನ ಪೂರ್ತಿ ಹೆಸರು ಕೇಳಿ ಸಿಸ್ಟರ್ ನಿಂತಲ್ಲೇ ನಿಂತಳು.

ಬೆಂಚಿನ ಮೇಲಿದ್ದ ಒಂದಿಬ್ಬರು ತಿರುಗಿ ನೋಡಿದರು. ಉಳಿದವರಿಗೆ ಕೇಳಿಸಲಿಲ್ಲವೇನೋ ಎಂದು, ಅತ್ತೆ ದನಿಯೇರಿಸಿ ಇನ್ನೊಂದು ಸಲ ಓದಿದರು.